ಜಂಕ್ ಹಾಯಿಯ ದೋಣಿಯಲ್ಲಿ ವರ್ಷವಿಡೀ ಬಾಳುವ ಬಗೆ

ದಡದಲ್ಲಿ ಮನೆಯಿಟ್ಟುಕೊಂಡು ರಜೆಯ ದಿನಗಳಲ್ಲಿ ಮಾತ್ರ ಹಾಯಿ ಬಿಚ್ಚುವವರಿಗೆ ಒಪ್ಪುವ ದೋಣಿ, ದೋಣಿಯನ್ನೇ ಮನೆ ಮಾಡಿಕೊಂಡವರಿಗೂ ಒಪ್ಪಬೇಕೆಂದಿಲ್ಲ. ರಜೆಯವರು ಹವಾಮಾನ ಕೆಟ್ಟಿದ್ದರೆ ಹೊರಡುವುದಿಲ್ಲ, ಅವರ ಜೊತೆಗೆ ನಾಲ್ಕು ಕೈಗಳಿರುತ್ತವೆ, ಹರಿದ ಹಾಯಿಯನ್ನು ಹೊಲಿಯುವವರಿಗೆ ಕೊಟ್ಟು ಮುಂದಿನ ವಾರ ಬರುತ್ತಾರೆ. ನೀರಿನ ಮೇಲೆಯೇ ನೆಲೆಸಿದವರು ಹಾಯಿಯನ್ನು ಮುಟ್ಟಬೇಕಾಗುವ ಗಳಿಗೆಯಾದರೋ ಬಹಳ ಸಲ ನಡುರಾತ್ರಿಯದ್ದು. ಮೂರು ದಿನಗಳ ಅರೆನಿದ್ದೆಯ ನಂತರದ್ದು. ಆದ್ದರಿಂದ ದೋಣಿಯಲ್ಲಿನ ಪ್ರತಿಯೊಂದು ವ್ಯವಸ್ಥೆಯನ್ನೂ ನಾನು ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ: ದಣಿದ ಒಬ್ಬ ವ್ಯಕ್ತಿ, ಕತ್ತಲಿನಲ್ಲಿ, ಮಲಗಿದವರನ್ನು ಎಬ್ಬಿಸದೆ ಇದನ್ನು ಮಾಡಬಹುದೆ, ಮಾಡಿದ್ದು ತಪ್ಪೆನಿಸಿದರೆ ಅರೆ ನಿಮಿಷದಲ್ಲಿ ಮೊದಲಿನಂತೆ ಮಾಡಬಹುದೆ, ಮುರಿದರೆ ದೋಣಿಯಲ್ಲಿರುವ ಸಾಮಾನಿನಿಂದಲೇ ಸರಿಪಡಿಸಬಹುದೆ? ಜಂಕ್ ಹಾಯಿ ಈ ಮೂರು ಪ್ರಶ್ನೆಗಳಿಗೂ ಹೌದೆನ್ನುತ್ತದೆ. ಉಳಿದ ಬದುಕನ್ನೂ ಇದೇ ಪ್ರಶ್ನೆಗಳಿಗೆ ಹೊಂದಿಸಿಕೊಳ್ಳುವುದು ಹೇಗೆಂಬುದನ್ನು ಮುಂದೆ ವಿವರಿಸಿದ್ದೇನೆ.

ಹಾಯಿಯ ರಚನೆ

ಚೀನಾದ ಜಂಕ್ ಹಡಗುಗಳಿಂದ ಬಂದ ಈ ಹಾಯಿಯನ್ನು ಅಡ್ಡಲಾಗಿ ಹಾಯುವ ಬ್ಯಾಟನ್ ಎಂಬ ದಬ್ಬೆಗಳು ಐದಾರು ಅಥವಾ ಏಳು ಪಟ್ಟೆಗಳಾಗಿ ವಿಭಾಗಿಸುತ್ತವೆ. ಮೇಲ್ತುದಿಯಲ್ಲಿ ಯಾರ್ಡ್ ಎಂಬ ದಪ್ಪನೆಯ ದಂಡವೂ ಕೆಳತುದಿಯಲ್ಲಿ ಬೂಮ್ ಎಂಬ ದಂಡವೂ ಇರುತ್ತವೆ. ಪ್ರತಿಯೊಂದು ಬ್ಯಾಟನ್, ಹಾಯಿಯನ್ನು ಹೊರುವ ಕಂಬವಾದ ಕೂವೆಮರವನ್ನು ಸುತ್ತುವ ಪ್ಯಾರಲ್ ಎಂಬ ಹಗ್ಗದ ಬಳೆಯಿಂದ ಸಡಿಲವಾಗಿ ಕಟ್ಟಲ್ಪಟ್ಟಿರುತ್ತದೆ. ಹಾಯಿ ಸದಾ ಕೂವೆಮರದ ಒಂದೇ ಮಗ್ಗುಲಲ್ಲಿದ್ದು, ಅದರ ಹತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಭಾಗ ಕೂವೆಮರದ ಮುಂದಕ್ಕೆ ಚಾಚಿಕೊಂಡಿರುತ್ತದೆ. ಹಿಂದಿನ ಭಾಗವನ್ನು ಗಾಳಿ ಒಂದು ಕಡೆಗೆ ತಳ್ಳುವಾಗ ಈ ಮುಂಭಾಗ ಎದುರು ತೂಕವಾಗಿ ನಿಲ್ಲುವುದರಿಂದ ಹಾಯಿ ಹಠಾತ್ತನೆ ಎರಗುವುದಿಲ್ಲ. ಹಾಯಿಯನ್ನು ಹಿಡಿದಿಡುವ ಶೀಟ್ ಎಂಬ ಹಗ್ಗವು ಕವಲೊಡೆದು ಬಹುತೇಕ ಎಲ್ಲ ಬ್ಯಾಟನ್‌ಗಳ ಹಿಂತುದಿಗೂ ಹೋಗುವುದರಿಂದ ಗಾಳಿಯ ಒತ್ತಡ ಒಂದೇ ಮೂಲೆಗೆ ಬೀಳದೆ ಹಲವು ಬಿಂದುಗಳಿಗೆ ಹಂಚಿಹೋಗುತ್ತದೆ. ಬಟ್ಟೆಯ ಮೇಲೆ ಒತ್ತಡ ಕಡಿಮೆಯಾದ್ದರಿಂದಲೇ ಈ ಹಾಯಿಯನ್ನು ಸಾಧಾರಣ ಹೊಲಿಗೆ ಯಂತ್ರದಲ್ಲಿ ಮನೆಯವರೇ ಹೊಲಿಯಬಹುದು, ಹರಿದ ಒಂದು ಪಟ್ಟೆಯೊಂದಿಗೂ ದಿನಗಟ್ಟಲೆ ಸಾಗಬಹುದು.

ಕೂವೆಮರಕ್ಕೆ ಸಾಮಾನ್ಯವಾಗಿ ತಂತಿಗಳ ಆಧಾರವಿರುವುದಿಲ್ಲ. ಅದು ಡೆಕ್ಕಿನ ತೂತಿನ ಮೂಲಕ ಇಳಿದು ದೋಣಿಯ ತಳದಲ್ಲಿರುವ ಗೂಡಿನಲ್ಲಿ ಕೂತಿರುತ್ತದೆ. ಬಿರುಗಾಳಿ ಬೀಸಿದಾಗ ಬಿದಿರಿನಂತೆ ತುಸು ಬಾಗಿ ಗಾಳಿಯ ಹೊಡೆತವನ್ನು ಹೀರಿಕೊಳ್ಳುತ್ತದೆ. ಸಾಧಾರಣ ದೋಣಿಯಲ್ಲಿ ಯಾವುದೋ ಒಂದು ತಂತಿ, ಒಂದು ಪಿನ್ನು ಅಥವಾ ಡೆಕ್ಕಿಗೆ ಬಿಗಿದ ಒಂದು ಉಕ್ಕಿನ ಪಟ್ಟಿ ಸೋತರೆ ಕೂವೆಮರವೇ ಉರುಳಬಹುದು. ಇಲ್ಲಿ ಆ ಚಿಂತೆ ಇಲ್ಲ. ಆದರೆ ಮುರಿಯುವುದೇ ಇಲ್ಲವೆಂದು ಯಾರೂ ಭಾವಿಸಬಾರದು. 1968ರಲ್ಲಿ ಒಂಟಿಯಾಗಿ ಭೂಮಿಯನ್ನು ಸುತ್ತುವ ಸ್ಪರ್ಧೆಗೆ ಎರಡು ಜಂಕ್ ಹಾಯಿಗಳ ಗ್ಯಾಲ್ವೇ ಬ್ಲೇಜರ್ ದೋಣಿಯಲ್ಲಿ ಹೊರಟ ಬಿಲ್ ಕಿಂಗ್ ಅವರ ದೋಣಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮಗುಚಿ, ಕೂವೆಮರ ಮುರಿದು, ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.

ಕುಟುಂಬದೊಂದಿಗೆ ಇಂಥ ಹಾಯಿಯಡಿ ಬಾಳಿದ ಹಳೆಯ ಉದಾಹರಣೆ ನಾವಿಕ ಜೋಶುವಾ ಸ್ಲೋಕಂ ಅವರದು. ಹಡಗು ಕಳೆದುಕೊಂಡ ಮೇಲೆ ಅವರು ಬ್ರೆಜಿಲ್‌ನಲ್ಲಿ ಸುಮಾರು 35 ಅಡಿಯ ಲಿಬರ್ದಾದೆ ಎಂಬ ದೋಣಿಯನ್ನು ಕಟ್ಟಿ, ಅದಕ್ಕೆ ಚೀನೀ ಮಾದರಿಯ ಹಾಯಿಗಳನ್ನು ಹೂಡಿ, 1888ರಲ್ಲಿ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ತಲಪಿದರು. ಇಂದಿನ ಸಣ್ಣ ದೋಣಿಗಳಿಗೆ ಈ ಹಾಯಿಯನ್ನು ಒಗ್ಗಿಸಿದ ಹೆಗ್ಗಳಿಕೆ ಮಾತ್ರ ಬ್ರಿಟಿಷ್ ನಾವಿಕ ಬ್ಲಾಂಡಿ ಹ್ಯಾಸ್ಲರ್ ಅವರಿಗೆ ಸಲ್ಲಬೇಕು. 1960ರ ಮೊದಲ ಅಟ್ಲಾಂಟಿಕ್ ಒಂಟಿ ಸ್ಪರ್ಧೆಯಲ್ಲಿ ಸುಮಾರು 25 ಅಡಿಯ ಜೆಸ್ಟರ್ ದೋಣಿಯಲ್ಲಿ ಅವರು 48 ದಿನಗಳಲ್ಲಿ ದಾಟಿ ಎರಡನೆಯವರಾದರು. ಆ ದೋಣಿಯ ಎಲ್ಲ ಹಗ್ಗಗಳೂ ನಡುವಿನ ಒಂದು ದುಂಡು ಕಿಂಡಿಯ ಬಳಿಗೆ ಬರುತ್ತಿದ್ದವು. ಅಲ್ಲಿ ನಿಂತೇ ಅವರು ಹಾಯಿಯನ್ನು ಏರಿಸುತ್ತಿದ್ದರು, ಇಳಿಸುತ್ತಿದ್ದರು. ನೀವು ದೋಣಿಯನ್ನು ಕೊಂಡರೂ ಕಟ್ಟಿದರೂ ಈ ಒಂದು ಅಂಶವನ್ನು ಮಾತ್ರ ಬಿಟ್ಟುಕೊಡಬೇಡಿ: ಹಾಯಿಗೆ ಸಂಬಂಧಿಸಿದ ಯಾವ ಕೆಲಸಕ್ಕೂ ಒದ್ದೆಯಾದ ಮುಂಬದಿಯ ಡೆಕ್ಕಿಗೆ ಹೋಗುವ ಅಗತ್ಯ ಬೀಳಬಾರದು.

ದೋಣಿಯ ಆಯ್ಕೆ

ಒಬ್ಬರಿಗೆ 7ರಿಂದ 8 ಮೀಟರ್, ಇಬ್ಬರಿಗೆ 9ರಿಂದ 11 ಮೀಟರ್ ಉದ್ದದ ದೋಣಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉದ್ದ ಹೆಚ್ಚಿದಂತೆ ಬಣ್ಣ, ಹಗ್ಗ, ಲಂಗರು, ಬಂದರಿನ ಬಾಡಿಗೆ ಎಲ್ಲವೂ ಉದ್ದಕ್ಕಿಂತ ವೇಗವಾಗಿ ಬೆಳೆಯುತ್ತವೆ. ಹಾಯಿಯ ತೂಕವೂ ಬೆಳೆಯುತ್ತದೆ. ಜಂಕ್ ಹಾಯಿ ಬ್ಯಾಟನ್‌ಗಳ ಸಹಿತ ಭಾರವಾದ್ದರಿಂದ, ಒಂದೇ ದೊಡ್ಡ ಹಾಯಿಯನ್ನು ಏರಿಸಲು ನಿಮ್ಮ ತೋಳು ಸಾಲದೆಂಬ ಹಂತದಲ್ಲಿ ಎರಡು ಕೂವೆಮರಗಳ ದೋಣಿಯನ್ನು ಯೋಚಿಸಬಹುದು. ಎರಡಿದ್ದರೆ ಒಂದು ಕೆಟ್ಟಾಗ ಇನ್ನೊಂದು ಮನೆ ಸೇರಿಸುತ್ತದೆ. ಹಿಂದಿನ ಸಣ್ಣ ಹಾಯಿ ಲಂಗರಿನಲ್ಲಿ ನಿಂತಾಗ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿದಿಡುತ್ತದೆ.

ಜಂಕ್ ಹಾಯಿಯೊಂದಿಗೇ ಹುಟ್ಟಿದ ದೋಣಿಗಳು ಕಡಿಮೆ. ಹೆಚ್ಚಿನವು ಸಾಧಾರಣ ತ್ರಿಕೋನ ಹಾಯಿಯಿಂದ ಪರಿವರ್ತನೆಗೊಂಡವು. ಪರಿವರ್ತಿತ ದೋಣಿಯನ್ನು ನೋಡಲು ಹೋದಾಗ ಮೊದಲು ಕೂವೆಮರ ಡೆಕ್ಕನ್ನು ದಾಟುವ ಜಾಗವನ್ನು ನೋಡಿ. ಬಾಗುವ ಒತ್ತಡವೆಲ್ಲ ಅಲ್ಲಿಯೇ ಕೂಡುತ್ತದೆ. ಡೆಕ್ಕಿನ ಸುತ್ತ ಕೂದಲೆಳೆಯ ಬಿರುಕುಗಳಿದ್ದರೆ ಒಳಗಿನ ಬಲವರ್ಧನೆ ಸಾಲದೆಂದು ಅರ್ಥ. ಮರದ ಕೂವೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಆ ಜಾಗದಲ್ಲಿ ಮಾತ್ರ ಮಂಕಾದ ಸದ್ದು ಬಂದರೆ ಒಳಗೆ ಕೊಳೆತಿರುವ ಸಂಭವವಿದೆ. ಅಲ್ಯೂಮಿನಿಯಂ ಕೊಳವೆಯಾದರೆ ಸ್ಟೇನ್‌ಲೆಸ್ ಉಕ್ಕಿನ ತಿರುಪುಗಳ ಸುತ್ತ ಬಿಳಿಯ ಹುಡಿ ಎದ್ದಿದೆಯೆ ನೋಡಿ, ಏಕೆಂದರೆ ಉಪ್ಪುನೀರಿನಲ್ಲಿ ಈ ಎರಡು ಲೋಹಗಳು ಒಂದನ್ನೊಂದು ಮುಟ್ಟಿದರೆ ಸವೆಯುವುದು ಅಲ್ಯೂಮಿನಿಯಂ. ಡೆಕ್ಕಿನಿಂದ ತಳದ ಗೂಡಿನವರೆಗಿನ ಅಂತರ ಕೂವೆಮರದ ಒಟ್ಟು ಉದ್ದದ ಸುಮಾರು ಶೇ. 10ರಷ್ಟಿರುವುದು ಒಳ್ಳೆಯದು. ಬಳಿಕ ಯಾವುದೇ ದೋಣಿಯಲ್ಲಿ ನೋಡುವಂತೆ ತಳದ ಭಾರವಾದ ಕೀಲನ್ನು ಬಿಗಿದಿಡುವ ಬೋಲ್ಟ್‌ಗಳು, ಚುಕ್ಕಾಣಿಯ ಸಡಿಲ, ನೀರಿನ ಮಟ್ಟದ ಕೆಳಗಿನ ಕವಾಟಗಳು, ಇಂಜಿನ್ ಇವುಗಳನ್ನು ಪರೀಕ್ಷಿಸಿ.

ಹಳೆಯ ಜಂಕ್ ಹಾಯಿಗಳನ್ನು ಚಪ್ಪಟೆ ಬಟ್ಟೆಯಿಂದ ಕತ್ತರಿಸುತ್ತಿದ್ದರು. ಅವು ಬೆನ್ನಗಾಳಿಯಲ್ಲಿ ಅಂದವಾಗಿ ಓಡಿದರೂ ಎದುರುಗಾಳಿಯಲ್ಲಿ ಸೋಲುತ್ತಿದ್ದುದು ನಿಜ. ಈ ಹಾಯಿಗೆ ಅಂಟಿದ ಅಪಖ್ಯಾತಿ ಹೆಚ್ಚಾಗಿ ಅಲ್ಲಿಂದಲೇ ಬಂದದ್ದು. ಈಗ ಪ್ರತಿ ಪಟ್ಟೆಯನ್ನೂ ಅದರ ಅಗಲದ ಶೇ. 8ರ ಆಸುಪಾಸಿನಲ್ಲಿ ಉಬ್ಬುವಂತೆ ಹೊಲಿಯುತ್ತಾರೆ. ಈ ಉಬ್ಬು ಹಕ್ಕಿಯ ರೆಕ್ಕೆಯ ಬಾಗಿನಂತೆ ಕೆಲಸ ಮಾಡಿ ದೋಣಿಯನ್ನು ಎದುರುಗಾಳಿಗೆ ಮೇಲೇರಿಸುತ್ತದೆ. ನೀವು ಕೊಳ್ಳಲಿರುವ ದೋಣಿಯಲ್ಲಿ ಚಪ್ಪಟೆ ಹಾಯಿಯಿದ್ದು, ಉಳಿದುದೆಲ್ಲ ಗಟ್ಟಿಯಾಗಿದ್ದರೆ ಹಿಂಜರಿಯಬೇಡಿ. ಅದೇ ಬ್ಯಾಟನ್‌ಗಳಿಗೆ ಉಬ್ಬಿನ ಹೊಸ ಹಾಯಿಯನ್ನು ಒಂದು ಮಳೆಗಾಲದ ಬಿಡುವಿನಲ್ಲಿ ಹೊಲಿದುಕೊಳ್ಳಬಹುದು. ಬಿಸಿಲಿನ ಚಪ್ಪರಗಳಿಗೆ ಬಳಸುವ ಅಕ್ರಿಲಿಕ್ ಕ್ಯಾನ್ವಾಸ್ ಬಿಸಿಲನ್ನು ವರ್ಷಗಟ್ಟಲೆ ತಾಳುತ್ತದೆ, ಆದರೆ ಉಜ್ಜುವಿಕೆಗೆ ಬೇಗ ಸವೆಯುತ್ತದೆ. ಪಾಲಿಯೆಸ್ಟರ್ ಹಾಯಿಬಟ್ಟೆ ಉಜ್ಜುವಿಕೆಯನ್ನು ತಾಳುತ್ತದೆ, ಬಿಸಿಲಿಗೆ ಸೋಲುತ್ತದೆ. ಪಾಲಿಯೆಸ್ಟರ್ ಆರಿಸಿದವರು ಲಂಗರು ಹಾಕಿದ ಕೂಡಲೇ ಮಡಿಸಿದ ಹಾಯಿಗೆ ಹೊದಿಕೆ ಹಾಕುವ ಅಭ್ಯಾಸವನ್ನು ಬಿಡಬಾರದು.

ಏರಿಸುವುದು, ಕುಗ್ಗಿಸುವುದು, ತಿರುಗಿಸುವುದು

ಹಾಯಿಯನ್ನು ಏರಿಸುವ ಮೊದಲು ಶೀಟನ್ನು ಪೂರ್ತಿ ಸಡಿಲಿಸಿ, ಹಾಯಿ ಗಾಳಿಬೀಸಿದ ಕಡೆಗೆ ಬಾವುಟದಂತೆ ತೇಲುವಂತೆ ಬಿಡಿ. ಕೆಳಗೆಳೆಯುವ ಹಗ್ಗಗಳೆಲ್ಲ ಸಡಿಲವಾಗಿವೆಯೆ ಎಂದು ನೋಡಿ. ಹಾಯಿಯನ್ನು ಮೇಲೆತ್ತುವ ಹಾಲ್ಯಾರ್ಡ್ ಎಂಬ ಹಗ್ಗ ಮೂರರಿಂದ ಐದು ಸುತ್ತಿನ ರಾಟೆಗಳ ಮೂಲಕ ಬರುವುದರಿಂದ ಎಳೆಯಬೇಕಾದ ಹಗ್ಗ ಉದ್ದ, ಬೇಕಾದ ಬಲ ಕಡಿಮೆ. ಮೊದಲ ಮೂರ್ನಾಲ್ಕು ಪಟ್ಟೆಗಳು ಕೈಯಿಂದಲೇ ಏರುತ್ತವೆ. ಕೊನೆಯವಕ್ಕೆ ಹಗ್ಗವನ್ನು ಸುತ್ತಿ ಎಳೆಯುವ ವಿಂಚ್ ಎಂಬ ಉರುಳೆ ಬೇಕಾಗುತ್ತದೆ. ಎಳೆಯುವಾಗ ಕಣ್ಣು ಹಗ್ಗದ ಮೇಲಲ್ಲ, ಹಾಯಿಯ ಮೇಲಿರಲಿ. ಯಾವುದಾದರೂ ಬ್ಯಾಟನ್‌ನ ತುದಿ ಪಕ್ಕದ ಹಗ್ಗಕ್ಕೆ ಸಿಕ್ಕಿಕೊಂಡಿದ್ದರೆ ವಿಂಚ್ ಅದನ್ನು ತಿಳಿಸುವುದಿಲ್ಲ. ಮುರಿದ ಮೇಲಷ್ಟೇ ನಿಮಗೆ ತಿಳಿಯುತ್ತದೆ.

ಈ ಹಾಯಿಯ ನಿಜವಾದ ಬೆಲೆ ತಿಳಿಯುವುದು ಕುಗ್ಗಿಸುವಾಗ. ಹಾಲ್ಯಾರ್ಡನ್ನು ಸಡಿಲಿಸಿದರೆ ಕೆಳಗಿನ ಪಟ್ಟೆ ತನ್ನ ಭಾರದಿಂದಲೇ ಮಡಿಸಿಕೊಂಡು, ಬೂಮಿನ ಇಕ್ಕೆಲಗಳಲ್ಲಿ ತೂಗುವ ಹಗ್ಗಗಳ ತೊಟ್ಟಿಲಿನಲ್ಲಿ ಬಂದು ಕೂರುತ್ತದೆ. ಒಂದು ಪಟ್ಟೆ ಇಳಿದ ಮೇಲೆ ಯಾರ್ಡನ್ನು ಕೂವೆಮರದ ಬಳಿಗೆ ಸೆಳೆಯುವ ಪ್ಯಾರಲ್ ಹಗ್ಗವನ್ನು ಬಿಗಿಯಿರಿ, ನಂತರ ಹಾಯಿಯ ಮುಂದಂಚನ್ನು ಹಿಡಿದಿಡುವ ಹಗ್ಗವನ್ನು ಬಿಗಿಯಿರಿ, ಕೊನೆಯಲ್ಲಿ ಶೀಟ್‌ನ ಸಡಿಲವನ್ನು ಎಳೆದುಕೊಳ್ಳಿ. ಇಡೀ ಕೆಲಸಕ್ಕೆ ಒಂದು ನಿಮಿಷ ಸಾಕು. ಬೆನ್ನಗಾಳಿಯಲ್ಲಿ ಓಡುತ್ತಿರುವಾಗಲೂ ದೋಣಿಯನ್ನು ಗಾಳಿಗೆ ಎದುರು ತಿರುಗಿಸುವ ಅಗತ್ಯವಿಲ್ಲ. ಅಲೆಗಳಿಗೆ ಅಡ್ಡಲಾಗುವ ಆ ಅಪಾಯದ ಗಳಿಗೆಯನ್ನೇ ಈ ಹಾಯಿ ತಪ್ಪಿಸುತ್ತದೆ. ಗಾಳಿ ಬಲವಾಗಿದ್ದು ಹಾಯಿ ಕೂವೆಮರಕ್ಕೆ ಒತ್ತಿಕೊಂಡಾಗ ಮಾತ್ರ ಅದು ತಾನಾಗಿ ಇಳಿಯದೆ ಹೋಗಬಹುದು. ಕೆಳಗೆಳೆಯುವ ಹಗ್ಗಗಳನ್ನು ಅಳವಡಿಸುವುದು ಅದಕ್ಕಾಗಿಯೇ. ಕುಗ್ಗಿಸುವುದು ಇಷ್ಟು ಸುಲಭವಾದ್ದರಿಂದ ಕತ್ತಲಾಗುವ ಮುನ್ನ ಒಂದು ಪಟ್ಟೆಯನ್ನು ಇಳಿಸಿಯೇ ರಾತ್ರಿಯ ಪಾಳಿಗೆ ಕೂರುವುದನ್ನು ನಿಯಮ ಮಾಡಿಕೊಳ್ಳಿ. ಬೆಳಗ್ಗೆ ಮತ್ತೆ ಏರಿಸಲು ಬೇಕಾಗುವ ಶ್ರಮ ಅಲ್ಪ. ಆ ರಾತ್ರಿ ಮಲಗಿದವರಿಗೆ ಸಿಗುವ ನಿದ್ದೆ ದೊಡ್ಡದು.

ಎದುರುಗಾಳಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವಾಗ ಚುಕ್ಕಾಣಿಯನ್ನು ತಿರುಗಿಸಿದರೆ ಸಾಕು, ಶೀಟನ್ನು ಮುಟ್ಟಬೇಕಾಗಿಲ್ಲ. ಗಾಳಿಗೆ ತೀರ ಹತ್ತಿರವಾಗಿ ಮೂತಿಯನ್ನು ಹಿಂಡಬೇಡಿ. ಗಿಡ್ಡ ಕಡಿದಾದ ಅಲೆಗಳಿದ್ದಾಗ ಗಾಳಿಯಿಂದ 55ರಿಂದ 60 ಡಿಗ್ರಿಗೆ ದೋಣಿಯನ್ನು ಸಡಿಲವಾಗಿ ಓಡಲು ಬಿಟ್ಟರೆ, 45ಕ್ಕೆ ಬಲವಂತ ಮಾಡಿ ಅಲೆಗಳಲ್ಲಿ ನಿಂತುಹೋಗುವುದಕ್ಕಿಂತ ಬೇಗ ತಲಪುತ್ತೀರಿ.

ಬೆನ್ನಗಾಳಿಯಲ್ಲಿ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸುವುದು ಸಾಮಾನ್ಯವಾಗಿ ಸೌಮ್ಯವಾದ ಕೆಲಸ, ಆದರೆ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ದಾಟುವ ಹೊತ್ತಿನಲ್ಲಿ ಶೀಟ್‌ನ ಸಡಿಲ ಸುರುಳಿಗಳು ಹಿಂಬದಿಯ ಡೆಕ್ಕಿನ ಮೇಲೆ ಬೀಸಿಬಂದು ಸ್ವಯಂಚುಕ್ಕಾಣಿಯ ಗಾಳಿಫಲಕಕ್ಕೆ, ಹಿಂಬದಿಯ ಇಂಜಿನ್‌ಗೆ ಅಥವಾ ಕುತ್ತಿಗೆಗೆ ಸಿಕ್ಕಿಕೊಳ್ಳಬಹುದು. ಆ ಜಾಗದಲ್ಲಿ ಯಾರೂ ನಿಂತಿರಬಾರದು, ಚಾಚಿಕೊಂಡ ಕೊಕ್ಕೆಗಳಿಗೆಲ್ಲ ಬಾಗಿಸಿದ ಕೊಳವೆಯ ಕಾವಲು ಹಾಕಿರಬೇಕು. ಎರಡನೆಯದು, ಹಾಯಿ ಬಹಳ ಕುಗ್ಗಿದ್ದಾಗ ಕೆಳಗೆಳೆಯುವ ಹಗ್ಗ ಸಡಿಲವಿದ್ದರೆ ಕೆಳಗಿನ ಪಟ್ಟೆಗಳು ದಾಟಿ ಮೇಲಿನವು ಹಿಂದೆಯೇ ಉಳಿದು ಹಾಯಿ ಬೀಸಣಿಗೆಯಂತೆ ತಿರುಚಿಕೊಳ್ಳುತ್ತದೆ. ಹಾಗಾದರೆ ಗಾಬರಿಯಿಂದ ಹಗ್ಗಗಳನ್ನು ಎಳೆಯಬೇಡಿ; ದೋಣಿಯನ್ನು ಮೊದಲಿನ ಬದಿಗೇ ಮರಳಿ ತಿರುಗಿಸಿದರೆ ಅದು ಬಹುಮಟ್ಟಿಗೆ ಬಂದ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ತಪ್ಪಿಸುವ ಉಪಾಯ ಸರಳವಾದದ್ದು: ದಾಟಿಸುವ ಮೊದಲು ಶೀಟನ್ನು ಎಳೆದು ಹಾಯಿಯನ್ನು ದೋಣಿಯ ನಡುಗೆರೆಗೆ ತನ್ನಿ, ಕೆಳಗೆಳೆಯುವ ಹಗ್ಗವನ್ನು ಬಿಗಿಯಿರಿ, ಆಮೇಲೆ ಚುಕ್ಕಾಣಿ ತಿರುಗಿಸಿ, ಹಾಯಿ ದಾಟಿದ ಮೇಲೆ ಶೀಟನ್ನು ನಿಧಾನವಾಗಿ ಬಿಡಿ.

ತಂತಿಗಳಿಲ್ಲದ್ದರಿಂದ ಹಾಯಿ ದೋಣಿಯ ಅಡ್ಡಗೆರೆಯನ್ನೂ ಮೀರಿ ಮುಂದಕ್ಕೆ ತಿರುಗಬಲ್ಲದು. ಇದರ ಉಪಯೋಗವನ್ನು ಬಂದರಿನೊಳಗೆ ಮನಗಾಣುತ್ತೀರಿ: ಬೆನ್ನಗಾಳಿಯಲ್ಲಿ ಲಂಗರು ತಾಣವನ್ನು ಪ್ರವೇಶಿಸುವಾಗಲೂ ಶೀಟನ್ನು ಪೂರ್ತಿ ಬಿಟ್ಟರೆ ಹಾಯಿ ಬಲ ಕಳೆದುಕೊಳ್ಳುತ್ತದೆ. ಇಂಜಿನ್ ಕೈಕೊಟ್ಟ ದಿನ ಇದೊಂದೇ ಗುಣ ದೋಣಿಯನ್ನು ಉಳಿಸೀತು. ಯಾರಾದರೂ ನೀರಿಗೆ ಬಿದ್ದಾಗ ಹಾಲ್ಯಾರ್ಡ್ ಬಿಟ್ಟು ಕೆಲವೇ ಕ್ಷಣಗಳಲ್ಲಿ ಇಡೀ ಹಾಯಿಯನ್ನು ಇಳಿಸಬಹುದೆಂಬುದೂ ಸಣ್ಣ ಮಾತಲ್ಲ. ಆದರೂ ಇಬ್ಬರೇ ಇರುವ ದೋಣಿಯಲ್ಲಿ ಬಿದ್ದವರನ್ನು ಮೇಲೆತ್ತುವುದು ಬಲು ಕಷ್ಟವಾದ್ದರಿಂದ, ಡೆಕ್ಕಿನುದ್ದಕ್ಕೂ ಬಿಗಿದ ಪಟ್ಟಿಗೆ ಸೊಂಟದ ಹಗ್ಗವನ್ನು ಕಟ್ಟಿಕೊಳ್ಳದೆ ರಾತ್ರಿ ಯಾರೂ ಹೊರಬರಬಾರದು.

ಸವೆತದ ಮೇಲೆ ಕಣ್ಣು

ಈ ಹಾಯಿಯ ಶತ್ರು ಬಿರುಗಾಳಿಗಿಂತ ಹೆಚ್ಚಾಗಿ ಉಜ್ಜುವಿಕೆ. ಹತ್ತಾರು ಹಗ್ಗಗಳು, ಬ್ಯಾಟನ್‌ಗಳು, ರಾಟೆಗಳು ದಿನವಿಡೀ ಒಂದನ್ನೊಂದು ಸವರುತ್ತಿರುತ್ತವೆ. ಗಾಳಿ ಸತ್ತು ಅಲೆ ಮಾತ್ರ ಉಳಿದ ದಿನಗಳೇ ಅತ್ಯಂತ ಕೆಟ್ಟವು, ಏಕೆಂದರೆ ಆಗ ಇಡೀ ಹಾಯಿ ಅತ್ತಿತ್ತ ಬಡಿದಾಡುತ್ತದೆ. ಅಂಥ ಹೊತ್ತಿನಲ್ಲಿ ಮೈಲಿಗಳ ಆಸೆ ಬಿಟ್ಟು ಹಾಯಿಯನ್ನು ಇಳಿಸಿ, ಅಡುಗೆ ಮಾಡಿ, ಮಲಗಿ. ನೋಡಬೇಕಾದ ಜಾಗಗಳು ಇವು: ಯಾರ್ಡಿಗೆ ಹಾಲ್ಯಾರ್ಡ್ ಕಟ್ಟಿದ ಪಟ್ಟಿ, ಕೂವೆಮರದ ತುದಿಯ ರಾಟೆ, ಪ್ಯಾರಲ್‌ಗಳು ಕೂವೆಮರವನ್ನು ಸುತ್ತುವ ಒಳಮೈ, ಬ್ಯಾಟನ್‌ಗಳು ಕೂವೆಮರಕ್ಕೆ ಒರಗುವ ಬಿಂದು, ಬ್ಯಾಟನ್ ಚೀಲಗಳ ತುದಿಗಳು. ಕೂವೆಮರಕ್ಕೆ ತಾಗುವ ಕಡೆ ಚರ್ಮದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಹೊಲಿದರೆ ವರ್ಷಗಳ ಆಯುಷ್ಯ ಸೇರುತ್ತದೆ. ಹಾಲ್ಯಾರ್ಡನ್ನು ಬೇಕಾದುದಕ್ಕಿಂತ ಎರಡು ಮೀಟರ್ ಉದ್ದವಾಗಿ ಕೊಂಡು, ಪ್ರತಿ ದೂರಪ್ರಯಾಣದ ಮೊದಲು ಕಟ್ಟಿದ ತುದಿಯನ್ನು ಒಂದು ಗೇಣು ಕತ್ತರಿಸಿ ಮತ್ತೆ ಕಟ್ಟಿದರೆ ಸವೆಯುವ ಬಿಂದು ಸ್ಥಳ ಬದಲಾಯಿಸುತ್ತದೆ; ಒಂದು ಹಂತದಲ್ಲಿ ಇಡೀ ಹಗ್ಗವನ್ನು ತಲೆಕೆಳಗು ಮಾಡಿ ಮತ್ತೊಂದು ಆಯುಷ್ಯ ಪಡೆಯಬಹುದು.

ಬ್ಯಾಟನ್ ಒಂದಲ್ಲ ಒಂದು ದಿನ ಮುರಿಯುತ್ತದೆ. ಮುರಿದ ಕೈಗೆ ದಬ್ಬೆ ಕಟ್ಟುವಂತೆ ಎರಡು ಮರದ ಪಟ್ಟಿಗಳನ್ನು ಇಕ್ಕೆಲಗಳಲ್ಲಿಟ್ಟು ಹಗ್ಗದಿಂದ ಬಿಗಿದರೆ ಅದು ಮುಂದಿನ ಬಂದರಿನವರೆಗೆ ಬರುತ್ತದೆ. ಅದೂ ಆಗದಿದ್ದರೆ ಆ ಪಟ್ಟೆಯನ್ನು ಪಕ್ಕದ್ದರೊಂದಿಗೆ ಕಟ್ಟಿ, ಹಾಯಿ ತುಸು ಚಿಕ್ಕದಾಯಿತೆಂದು ಒಪ್ಪಿಕೊಂಡು ಸಾಗಿ. ಒಂದೆರಡು ಹೆಚ್ಚುವರಿ ಬ್ಯಾಟನ್‌ಗಳು, ಒಂದು ಪಟ್ಟೆಗೆ ಸಾಲುವಷ್ಟು ಬಟ್ಟೆ, ಮೇಣ ಸವರಿದ ದಾರ, ದಪ್ಪ ಸೂಜಿಗಳು, ಅಂಗೈಗವಸು, ಪ್ಯಾರಲ್‌ಗಳಿಗೆ ಒಗ್ಗುವ ಹಗ್ಗದ ಸುರುಳಿ: ಇವು ದೋಣಿಯಲ್ಲಿ ಕಾಯಂ ಇರಬೇಕಾದ ಸಾಮಾನು.

ಲಂಗರಿನಲ್ಲಿ

ವರ್ಷವಿಡೀ ದೋಣಿಯಲ್ಲಿರುವವರು ಸಾಗುವ ದಿನಗಳಿಗಿಂತ ಲಂಗರಿನಲ್ಲಿ ನಿಂತಿರುವ ದಿನಗಳೇ ಬಹಳ ಹೆಚ್ಚು. ಆದ್ದರಿಂದ ಲಂಗರು ಮತ್ತು ಸರಪಳಿಯಲ್ಲಿ ಮಿತವ್ಯಯ ಮಾಡುವುದು ಮನೆಯ ಅಡಿಪಾಯದಲ್ಲಿ ಮಿತವ್ಯಯ ಮಾಡಿದಂತೆ. ತಯಾರಕರ ಪಟ್ಟಿ ನಿಮ್ಮ ದೋಣಿಗೆ ಹೇಳುವ ತೂಕಕ್ಕಿಂತ ಒಂದು ಹಂತ ಭಾರವಾದುದನ್ನೇ ಕೊಳ್ಳಿ. ಬಿಡಬೇಕಾದ ಸರಪಳಿಯ ಲೆಕ್ಕ ಹೀಗಿದೆ: ನೀರಿನ ಆಳ 5 ಮೀಟರ್, ಮೂತಿಯ ಎತ್ತರ 1 ಮೀಟರ್, ಭರತದಲ್ಲಿ ಏರಲಿರುವ ನೀರು 2 ಮೀಟರ್ ಆದರೆ ಒಟ್ಟು 8, ಅದರ ಐದು ಪಟ್ಟು, ಅಂದರೆ 40 ಮೀಟರ್ ಸರಪಳಿ. ಗಾಳಿ ಜೋರಾಗುವ ಸೂಚನೆಯಿದ್ದರೆ ಏಳು ಪಟ್ಟು ಬಿಡಿ. ಹೊಸಬರು ಬಹಳ ಸಲ ಭರತವನ್ನೂ ಮೂತಿಯ ಎತ್ತರವನ್ನೂ ಮರೆಯುತ್ತಾರೆ. ಸರಪಳಿ ಬಿಟ್ಟ ಮೇಲೆ ಇಂಜಿನ್ನನ್ನು ಹಿಂದಕ್ಕೆ ಓಡಿಸಿ ಲಂಗರು ಕಚ್ಚಿದೆಯೆ ಎಂದು ಪರೀಕ್ಷಿಸಿ, ದಡದ ಎರಡು ಗುರುತುಗಳನ್ನು ಒಂದೇ ಗೆರೆಯಲ್ಲಿಟ್ಟು ನೋಡಿ, ನೈಲಾನ್ ಹಗ್ಗವೊಂದನ್ನು ಸರಪಳಿಗೆ ಕಟ್ಟಿ ಎಳೆತದ ಆಘಾತವನ್ನು ಅದಕ್ಕೆ ವರ್ಗಾಯಿಸಿ. ಜಂಕ್ ದೋಣಿಯ ಕೂವೆಮರ ಮುಂದಕ್ಕಿದ್ದು, ಮಡಿಸಿದ ಹಾಯಿಯ ಕಟ್ಟು ದಪ್ಪವಾಗಿರುವುದರಿಂದ ಒಂದು ಕೂವೆಯ ದೋಣಿ ಲಂಗರಿನಲ್ಲಿ ಅತ್ತಿತ್ತ ಅಲೆದಾಡುವುದು ತುಸು ಹೆಚ್ಚು. ಹಿಂಬದಿಯಲ್ಲಿ ಒಂದು ಸಣ್ಣ ಬಟ್ಟೆಯನ್ನು ಹಾಯಿಯಂತೆ ಬಿಗಿದು ಕಟ್ಟಿದರೆ ಅದು ಶಾಂತವಾಗುತ್ತದೆ. ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ, ಹಗಲು ಕಪ್ಪು ಚೆಂಡು, ಇವೆರಡನ್ನೂ ತಪ್ಪದೆ ತೋರಿಸಬೇಕೆಂಬುದು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಒಂದು ಅಂಶ.

ನೀರು, ವಿದ್ಯುತ್ತು, ಒಲೆ, ತೇವ

ಸಮುದ್ರದಲ್ಲಿ ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಸಿಹಿನೀರೆಂದು ಲೆಕ್ಕ ಹಾಕಿ. ಪಾತ್ರೆ ತೊಳೆಯುವುದೂ ಸ್ನಾನವೂ ಉಪ್ಪುನೀರಿನಲ್ಲಿ ನಡೆದು, ಕೊನೆಯಲ್ಲಿ ಒಂದು ಚೊಂಬು ಸಿಹಿನೀರು ಸಾಕಾಗುತ್ತದೆ. ಇಬ್ಬರ 30 ದಿನಗಳ ದಾಟುವಿಕೆಗೆ 240 ಲೀಟರ್ ಬೇಕು. ಅದಕ್ಕೆ ಅರ್ಧದಷ್ಟು ಸೇರಿಸಿ 360 ಲೀಟರ್ ಒಯ್ಯಿರಿ, ಮತ್ತು ಅದು ಒಂದೇ ತೊಟ್ಟಿಯಲ್ಲಿರಬಾರದು. ಮಳೆ ಬಂದಾಗ ಹಾಯಿಯ ಕೆಳ ಪಟ್ಟೆಗಳಿಂದ ಹರಿದು ಬೂಮಿನ ಬಳಿ ಸೇರುವ ನೀರನ್ನು ಬಕೆಟ್ಟಿಗೆ ಹಿಡಿಯಬಹುದು. ಮೊದಲ ಐದು ನಿಮಿಷದ ನೀರು ಉಪ್ಪಾಗಿರುವುದರಿಂದ ಅದನ್ನು ಬಟ್ಟೆ ಒಗೆಯಲು ಇಡಿ.

ವಿದ್ಯುತ್ತಿನ ಲೆಕ್ಕವನ್ನು ಖರೀದಿಗೆ ಮೊದಲು ಕಾಗದದ ಮೇಲೆ ಮಾಡಿ. 12 ವೋಲ್ಟಿನ ಸಣ್ಣ ಫ್ರಿಜ್ ಒಂದೇ ಬಿಸಿ ಪ್ರದೇಶದಲ್ಲಿ ದಿನಕ್ಕೆ 40 ಆಂಪಿಯರ್-ಗಂಟೆಗಳಷ್ಟು ನುಂಗಬಲ್ಲದು. ದೀಪಗಳು, ರೇಡಿಯೊ, ಹಡಗು ಗುರುತಿಸುವ ಎಐಎಸ್ ಯಂತ್ರ, ಫೋನ್ ಎಲ್ಲ ಸೇರಿ ಮತ್ತೆ 20. ಒಟ್ಟು 60 ಎಂದರೆ 720 ವ್ಯಾಟ್-ಗಂಟೆಗಳು. 200 ವ್ಯಾಟ್‌ನ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ಅಷ್ಟನ್ನು ಕೊಟ್ಟೀತು, ಆದರೆ ಜಂಕ್ ಹಾಯಿಯ ನೆರಳು ದೊಡ್ಡದಾದ್ದರಿಂದ 300ಕ್ಕಿಂತ ಕಡಿಮೆ ಇಡಬೇಡಿ, ಮತ್ತು ಅದನ್ನು ಎರಡು ಬದಿಗಳಿಗೆ ಹಂಚಿ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಮುಕ್ಕಾಲು ಭಾಗ ಬಳಸಿದರೂ ಅಡ್ಡಿಯಿಲ್ಲ. ಫ್ರಿಜ್ ಇಲ್ಲದೆ ಬಾಳಲು ಕಲಿತವರಿಗೆ ಈ ಲೆಕ್ಕವೆಲ್ಲ ಮೂರರಲ್ಲೊಂದಾಗುತ್ತದೆ. ನನ್ನ ಆಯ್ಕೆ ಅದೇ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ಕಿಟಕಿಯಿಂದ ಹೊರಹೋಗದೆ ದೋಣಿಯ ತಳದಲ್ಲಿ ನೀರಿನಂತೆ ಸಂಗ್ರಹವಾಗಿ ಒಂದು ಕಿಡಿಗಾಗಿ ಕಾಯುತ್ತದೆ. ಸಿಲಿಂಡರ್ ಹೊರಕ್ಕೆ ತೂತಿರುವ ಮುಚ್ಚಿದ ಪೆಟ್ಟಿಗೆಯಲ್ಲಿರಬೇಕು. ಪ್ರತಿ ಅಡುಗೆಯ ಬಳಿಕ ಸಿಲಿಂಡರಿನ ಬುಡದಲ್ಲಿಯೇ ಅನಿಲವನ್ನು ನಿಲ್ಲಿಸಬೇಕು. ಮಲಗುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯಿಲ್ಲದೆ ಒಲೆಯನ್ನಾಗಲಿ ಹೀಟರನ್ನಾಗಲಿ ಹಚ್ಚಬೇಡಿ. ತೇವ ಇನ್ನೊಂದು ಪೀಡೆ: ಉಸಿರು, ಅಡುಗೆಯ ಹಬೆ, ಒದ್ದೆ ಬಟ್ಟೆ ಇವೆಲ್ಲ ತಣ್ಣನೆಯ ಗೋಡೆಗೆ ಕೂತು ಬೂಷ್ಟು ಹಿಡಿಸುತ್ತವೆ. ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ, ಗೋಡೆಗೆ ಫೋಮ್ ಹೊದಿಕೆ, ಮಳೆಯಲ್ಲೂ ತೆರೆದಿಡಬಹುದಾದ ಗಾಳಿಕಿಂಡಿ ಇದ್ದರೆ ಮನೆ ಮನೆಯಂತಿರುತ್ತದೆ. ಕೂವೆಮರ ಡೆಕ್ಕನ್ನು ದಾಟುವಲ್ಲಿನ ರಬ್ಬರ್ ಕಾಲರನ್ನು ವರ್ಷಕ್ಕೊಮ್ಮೆ ನೋಡಿ, ಏಕೆಂದರೆ ಜಂಕ್ ದೋಣಿ ಸೋರುವ ಮೊದಲ ಜಾಗ ಅದೇ. ಪ್ಲಾಸ್ಟಿಕ್ಕನ್ನು ಎಲ್ಲೂ, ಎಂದಿಗೂ ಸಮುದ್ರಕ್ಕೆ ಎಸೆಯುವಂತಿಲ್ಲ. ಹೊರಡುವ ಮೊದಲೇ ಪೊಟ್ಟಣಗಳನ್ನು ಬಿಚ್ಚಿ ಡಬ್ಬಗಳಿಗೆ ತುಂಬಿಕೊಂಡರೆ ಕಸವೂ ಕಡಿಮೆ, ಜಿರಲೆಯೂ ಕಡಿಮೆ.

ದೂರಪ್ರಯಾಣ

ಒಂಬತ್ತು ಮೀಟರಿನ ದೋಣಿಗೆ ದಿನಕ್ಕೆ 100 ನಾಟಿಕಲ್ ಮೈಲಿಗಳೆಂದು ಲೆಕ್ಕ ಹಾಕಿ. ಪೆಸಿಫಿಕ್‌ನ ಗಲಾಪಗೋಸ್‌ನಿಂದ ಮಾರ್ಕೇಸಸ್ ದ್ವೀಪಗಳಿಗೆ ಸುಮಾರು 3,000 ಮೈಲಿ; ಅಂದರೆ ಒಂದು ತಿಂಗಳು. ಋತುವನ್ನು ಬದಿಗಿಟ್ಟು ಯಾವ ಯೋಜನೆಯೂ ಇಲ್ಲ: ಉತ್ತರ ಅಟ್ಲಾಂಟಿಕ್‌ನ ಹರಿಕೇನ್ ಕಾಲ ಜೂನ್‌ನಿಂದ ನವೆಂಬರ್, ದಕ್ಷಿಣ ಪೆಸಿಫಿಕ್‌ನ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್. ಈ ತಿಂಗಳುಗಳಲ್ಲಿ ಆ ವಲಯಗಳಿಂದ ಹೊರಗಿರುವಂತೆ ವರ್ಷವನ್ನು ಹೊಂದಿಸಿಕೊಳ್ಳಿ. ವಾಣಿಜ್ಯ ಮಾರುತಗಳಲ್ಲಿ ಜಂಕ್ ಹಾಯಿ ತನ್ನ ಅತ್ಯುತ್ತಮ ರೂಪದಲ್ಲಿರುತ್ತದೆ; ಗಾಳಿಫಲಕದ ಸ್ವಯಂಚುಕ್ಕಾಣಿ ವಿದ್ಯುತ್ತನ್ನು ಬೇಡದೆ ದಿನವಿಡೀ ದಾರಿ ಹಿಡಿಯುತ್ತದೆ, ನೀವು ದಿನಕ್ಕೆ ಎರಡು ಮೂರು ಸಲ ಹಗ್ಗ ಮುಟ್ಟಿದರೆ ಹೆಚ್ಚು. ಇಬ್ಬರಿದ್ದರೆ ಮೂರು ಅಥವಾ ನಾಲ್ಕು ಗಂಟೆಗಳ ಪಾಳಿ ಹಿಡಿಯಿರಿ.

ಗಾಳಿ 35 ನಾಟ್ ಮೀರಿದಾಗ ಒಂದೆರಡು ಪಟ್ಟೆಗಳಷ್ಟೇ ಸಾಕು. ಅದಕ್ಕೂ ಮೀರಿದರೆ ಹಾಯಿಯನ್ನು ಪೂರ್ತಿ ಇಳಿಸಿ, ಕಟ್ಟನ್ನು ಬೂಮಿನೊಂದಿಗೆ ಬಿಗಿದು, ನೂರಾರು ಸಣ್ಣ ಬಟ್ಟೆಯ ಶಂಕುಗಳನ್ನು ಕಟ್ಟಿದ ಉದ್ದನೆಯ ಹಗ್ಗವನ್ನು ಹಿಂಬದಿಯಿಂದ ಬಿಡಿ. ಡೊನಾಲ್ಡ್ ಜೋರ್ಡನ್ ರೂಪಿಸಿದ ಈ ಸಾಧನ ದೋಣಿಯನ್ನು ಅಲೆಗೆ ಅಡ್ಡಲಾಗದಂತೆ ಹಿಡಿದಿಡುತ್ತದೆ. ಅಪಾಯದ ಕರೆಗಳು ಬರುವ ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್ ತೆರೆದಿರಲಿ, 406 ಮೆಗಾಹರ್ಟ್ಸ್‌ನ ಅಪಾಯಸೂಚಕವನ್ನು ದೋಣಿಯ ಹೆಸರಿನಲ್ಲಿ ನೋಂದಾಯಿಸಿರಿ. ಕಾಗದಪತ್ರಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ: ನೋಂದಣಿ, ಪಾಸ್‌ಪೋರ್ಟ್, ಹಿಂದಿನ ಬಂದರಿನಿಂದ ಪಡೆದ ನಿರ್ಗಮನ ಪತ್ರ ಇವುಗಳ ಹತ್ತಾರು ಪ್ರತಿಗಳನ್ನು ನೀರು ತಾಗದ ಚೀಲದಲ್ಲಿಡಿ, ಹೊಸ ದೇಶದ ನೀರಿನಲ್ಲಿ ಹಳದಿ ಬಾವುಟ ಏರಿಸಿ, ಅಧಿಕಾರಿಗಳು ಅನುಮತಿ ಕೊಡುವವರೆಗೆ ದಡಕ್ಕೆ ಇಳಿಯಬೇಡಿ.

ಮೊದಲ ಋತು

ದೋಣಿ ಕೈಗೆ ಬಂದ ಕೂಡಲೇ ಸಾಗರದತ್ತ ಹೊರಡಬೇಡಿ. ಮೊದಲು ಲಂಗರಿನಲ್ಲಿ ಒಂದು ತಿಂಗಳು, ದಡದ ನೀರನ್ನೂ ವಿದ್ಯುತ್ತನ್ನೂ ಮುಟ್ಟದೆ ಬಾಳಿ. ಯಾವುದು ಸಾಲದು, ಯಾವುದು ಹೆಚ್ಚಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮಂದಗಾಳಿಯ ದಿನಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾಯಿಯನ್ನು ಏರಿಸಿ ಇಳಿಸುವುದನ್ನು ಅಭ್ಯಾಸ ಮಾಡಿ, ಯಾವ ಹಗ್ಗ ಯಾವುದೆಂದು ಬೆರಳುಗಳಿಗೇ ತಿಳಿಯುವವರೆಗೆ; ಇದಕ್ಕಾಗಿ ಹಾಲ್ಯಾರ್ಡ್, ಶೀಟ್, ಪ್ಯಾರಲ್ ಹಗ್ಗಗಳನ್ನು ಬೇರೆ ಬೇರೆ ದಪ್ಪದಲ್ಲಿ ಆರಿಸಿಕೊಳ್ಳುವುದು ಒಳ್ಳೆಯದು. ಆಮೇಲೆ ಒಂದು ರಾತ್ರಿಯ ಪ್ರಯಾಣ, ಆಮೇಲೆ ಮೂರು ದಿನಗಳದು, ಮರಳಿ ಬಂದು ಸವೆತದ ಜಾಗಗಳ ಪರೀಕ್ಷೆ. ದಡದ ಮನೆಯನ್ನು ಮಾರುವ ಮಾತನ್ನು ಎರಡನೆಯ ಋತು ಮುಗಿಯುವವರೆಗೆ ಎತ್ತಬೇಡಿ, ಮತ್ತು ಆ ಮಾತನ್ನು ಎತ್ತುವ ದಿನ ದೋಣಿಯಲ್ಲಿರುವ ಎಲ್ಲರೂ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು.